ಗೇಣು ಬಟ್ಟೆಯ ಚೀಲ

ಕಲ್ಯಾಣದುರ್ಗ
೯-೨-೧೯೫೮

ಹಿಂದೂಪುರದ ಅಮ್ಮ ರಂಗಲಕ್ಷ್ಮಮ್ಮನವರ ಪಾದಗಳಿಗೆ ಶಿವಲಕ್ಷ್ಮಿಯ ನಮಸ್ಕಾರ.

ನನ್ನ ಅಕ್ಷರ ನೀವು ನೋಡುತ್ತಿರುವುದು ಇದೇ ಮೊದಲು. ನನ್ನ ಊರು ಕುಂದುರ್ಪಿಯ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಕಲಿತದ್ದು, ವಕ್ರವಾಗಿದ್ದರೆ ನಗಬೇಡಿ. ನಿಮ್ಮ ಮಗಳು ಈರಕ್ಕ ತೀರಿಕೊಂಡು ವರ್ಷ ಕಳೆದ ಮೇಲೆ ನಿಮ್ಮ ಅಳಿಯ ನನ್ನನ್ನು ಮದುವೆಯಾದರಲ್ಲ, ಆವತ್ತು ನೀವೇ ಎದ್ದು ಬಂದು ನನ್ನ ಕೊರಳಿಗೆ ಬೆಳ್ಳಿ ಬಿಲ್ಲೆ ಕಟ್ಟಿದಿರಿ. "ಇದ್ರಾಗೆ ನನ್ ಮಗ್ಳವ್ಳೆ. ಇವತ್ತಿಂದ ನಮ್ಮನೇನೇ ನಿನ್ಗೂ ತವ್ರುಮನೆ ಕಣಮ್ಮ" ಅಂದಿರಿ. ತಾಯಿಯಿಲ್ಲದೆ ಬೆಳೆದವಳು ನಾನು, ಆ ಮಾತಿಗೆ ಎಲ್ಲರೆದುರು ಅತ್ತುಬಿಟ್ಟೆ. ಆಮೇಲೆ ಎರಡು ವರ್ಷವಾಯಿತು. ತವರಿನಿಂದ ಒಂದು ಕಾಗದವಿಲ್ಲ, ಹಬ್ಬಕ್ಕೆ ಕರೆಯಿಲ್ಲ. ಮುನಿಸಿಕೊಂಡು ಬರೆಯುತ್ತಿಲ್ಲ ಅಮ್ಮ, ಇದ್ದದ್ದನ್ನು ಹೇಳಿದೆ.

ಬಿಲ್ಲೆಗೆ ನಾನು ಯಾವ ಕೊರತೆಯನ್ನೂ ಮಾಡಿಲ್ಲ. ಮನೆಗೆ ಹೊಸ ಬಟ್ಟೆ ಅಂತ ಏನು ಬಂದರೂ, ತುಂಡು ವಸ್ತ್ರವಾದರೂ ಸರಿ, ಮೊದಲು ಈರಕ್ಕನ ಹೆಸರು ಹೇಳಿ ಬಿಲ್ಲೆಯ ಮುಂದಿಟ್ಟು, ಅರಿಸಿನ ಕುಂಕುಮ ಹಚ್ಚಿ, ಆಮೇಲೆಯೇ ಬಳಸುವುದು. ಸತ್ತವಳಿಗೆ ತೋರಿಸದೆ ಉಟ್ಟ ಬಟ್ಟೆ ಮೈಗೆ ಆಗುವುದಿಲ್ಲ ಅಂತ ನೀವೇ ಹೇಳಿದ್ದಿರಿ.

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಈರಕ್ಕನ ಮಗಳು ಅಂಬಿಯನ್ನು ನನ್ನ ಹತ್ತಿರ ಕಳಿಸಿಕೊಡಿ. ಈ ಜೂನ್‌ಗೆ ಅವಳಿಗೆ ಐದು ತುಂಬುತ್ತದೆ, ಇಲ್ಲೇ ಶಾಲೆಗೆ ಹಾಕುತ್ತೇನೆ. ನಿಮ್ಮ ಅಳಿಯ ಬೆಳಗ್ಗೆ ಕಡಲೆಕಾಯಿ ಮಿಷಿನ್ನಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಬಂದವರು ಉಂಡು ಜಗಲಿಯ ಮೇಲೆ ಕೂರುತ್ತಾರೆ, ಅಷ್ಟೇ. ಅವರು ನನ್ನನ್ನು ಕರೆಯುವುದು "ಏ" ಅಂತ. ಬೀದಿಯವರಿಗೆ ನಾನು "ಈರಕ್ಕನ ಜಾಗಕ್ಕೆ ಬಂದೋಳು." ನನಗೂ ಒಂದು ಹೆಸರಿದೆ ಅನ್ನುವುದು ನನಗೇ ಮರೆತುಹೋದೀತು ಅಂತ ಭಯ. ಒಂದು ಮಗು ಬಾಯಿ ತುಂಬ ಕರೆದರೆ ಈ ಮನೆಯಲ್ಲಿ ಬದುಕಿಕೊಳ್ಳುತ್ತೇನೆ.

ನಿಮ್ಮ ಮಗಳು,
ಶಿವಲಕ್ಷ್ಮಿ


ಹಿಂದೂಪುರ
೨೦-೨-೧೯೫೮

ಕಲ್ಯಾಣದುರ್ಗದ ಕದಿರಪ್ಪನವರ ಮನೆಯವರಾದ ಶಿವಲಕ್ಷ್ಮಮ್ಮನಿಗೆ ರಂಗಲಕ್ಷ್ಮಮ್ಮ ಬರೆಯುವುದು.

ಕಾಗದ ಬಂತು. ಅಕ್ಷರ ವಕ್ರವಾಗಿಲ್ಲ, ಮಾತು ಮಾತ್ರ ಉದ್ದ. ನನಗೆ ಅಷ್ಟೆಲ್ಲ ಬರೆಯಲು ಬರುವುದಿಲ್ಲ.

ಮಗು ಏನು ಸಂತೆಯ ಸೋರೆಕಾಯಿಯೇನಮ್ಮ, ಕೊಡಿ ಅಂದ ತಕ್ಷಣ ತೂಗಿ ಕೊಡೋಕೆ? ನನ್ನ ಮಗಳನ್ನು ನಿಮ್ಮ ಊರಿಗೆ ಕೊಟ್ಟೆ, ವಿಷಮಶೀತ ಜ್ವರ ಬಂದು ಅಲ್ಲಿಯೇ ಹೋದಳು. ಅವಳ ಮಣ್ಣಿಗೆಂದು ಬಂದವಳು ಎರಡು ವರ್ಷದ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ವಾಪಸ್ಸು ಬಂದೆ. ಅವತ್ತಿನಿಂದ ಅದು ನನ್ನ ಸೆರಗು ಹಿಡಿದುಕೊಂಡೇ ಮಲಗುವುದು. ನಿನಗೆ ಹೊತ್ತು ಹೋಗುವುದಿಲ್ಲ ಅಂತ ಅದನ್ನು ಕಳಿಸಲೋ?

ನೀನು ಕೇಳುವುದರಲ್ಲಿ ತಪ್ಪಿದೆ ಅಂತಲೂ ಅನ್ನಲಾರೆ. ಬಿಲ್ಲೆ ಕಟ್ಟಿದವಳು ನಾನೇ, ಆಡಿದ ಮಾತು ನನ್ನದೇ. ಅದಕ್ಕೊಂದು ದಾರಿ ಹೇಳುತ್ತೇನೆ.

ಈರಿ ಜ್ವರದಲ್ಲಿ ಮಲಗುವ ಮೊದಲು ನೇಯುತ್ತಿದ್ದದ್ದು ನಿಮ್ಮ ಮನೆಯ ಮಗ್ಗದ ಮೇಲೆ ಇನ್ನೂ ಹಾಗೇ ಇದೆಯಂತಲ್ಲ. ಕದಿರಪ್ಪ ಅದರ ಮೇಲೆ ಕಂಬಳಿ ಹೊದಿಸಿಟ್ಟಿದ್ದಾನಂತೆ. ಆ ಬಟ್ಟೆಯಲ್ಲಿ ಅಂಬಿಗೆ ಒಂದು ಪುಸ್ತಕದ ಚೀಲ ಮಾಡಿ ಕಳಿಸು. ತಾಯಿ ಕೈಯಾರೆ ನೇಯ್ದ ಬಟ್ಟೆಯಲ್ಲಿ ಸ್ಲೇಟು ಇಟ್ಟುಕೊಂಡು ಶಾಲೆಗೆ ಹೋಗಲಿ. ಬೇರೆ ಬಟ್ಟೆ ಒಂದು ಬೆರಳಷ್ಟೂ ಸೇರಬಾರದು, ಅಂಗಡಿಯ ಲಾಡಿಯೂ ಕೂಡದು. ಪೂರ್ತಿ ಚೀಲ ಈರಿಯದೇ ಆಗಿರಬೇಕು. ಅದು ನನ್ನ ಕೈಗೆ ಬಂದ ಮೇಲೆ ಮಗುವಿನ ಮಾತು.

ಕದಿರಪ್ಪನಿಗೆ ಆಶೀರ್ವಾದ ತಿಳಿಸು.

ರಂಗಲಕ್ಷ್ಮಮ್ಮ


ಕಲ್ಯಾಣದುರ್ಗ
೧೬-೩-೧೯೫೮

ಅಮ್ಮನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಸಲ ಓದಿದೆನೋ. ಒಂದು ಚೀಲ ತಾನೇ! ನೀವು ಮಗ್ಗವನ್ನೇ ಹೊತ್ತುಕೊಂಡು ಬಾ ಅಂದಿದ್ದರೂ ಬರುತ್ತಿದ್ದೆ.

ಕಂಬಳಿ ತೆಗೆಯಲು ಹೋದಾಗ ನಿಮ್ಮ ಅಳಿಯ ಅನ್ನದ ತಟ್ಟೆ ಬಿಟ್ಟು ಎದ್ದು ಬಂದರು. "ಅದ್ನ ಮುಟ್ಬ್ಯಾಡ" ಅಂದರು. "ಹಿಂದೂಪುರದಮ್ಮ ಹೇಳವ್ರೆ" ಅಂದೆ. ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು. ಮೂರು ವರ್ಷದ ಧೂಳು ಅಮ್ಮ. ಇಲಿ ಕಡಿದ ಎಳೆಗಳು, ಕಾಲು ಇಳಿಸಿ ಕೂರುವ ಮಗ್ಗದ ಗುಂಡಿಯಲ್ಲಿ ಜೇಡರ ಬಲೆ. ಲಾಳಿಯೊಳಗೆ ನೂಲು ಇನ್ನೂ ಸುತ್ತಿಯೇ ಇತ್ತು. ಈಗ ತಾನೇ ನೀರು ಕುಡಿಯಲು ಎದ್ದು ಹೋದವರ ಮಗ್ಗ ಹೇಗಿರುತ್ತದೋ ಹಾಗಿತ್ತು. ನನಗೆ ಕಾಲು ಇಳಿಸಲು ಧೈರ್ಯ ಬರಲಿಲ್ಲ. ಬಿಲ್ಲೆಯನ್ನು ಹಿಡಿದುಕೊಂಡು, "ಅಕ್ಕಾ, ಸ್ವಲ್ಪ ಜರುಗಿಕೋ" ಅಂದು ಇಳಿದೆ.

ಬಟ್ಟೆ ಇದೆ. ಚೀಲಕ್ಕೆ ಸಾಲುತ್ತದೆ. ಧೂಳು ತೆಗೆದು, ಹರಿದ ಎಳೆಗಳನ್ನು ಗಂಟು ಹಾಕಿ ಬಿಡಿಸಿಕೊಳ್ಳಬೇಕು, ಸ್ವಲ್ಪ ದಿನ ಹಿಡಿಯುತ್ತದೆ. ಅವಸರ ಮಾಡಬೇಡಿ.

ಒಂದು ವಿಷಯ ಕೇಳಬೇಕಾಗಿತ್ತು. ಎಳೆ ಬಡಿದು ಕೂರಿಸುವ ಹಲಗೆ ಸಡಿಲವಾಗಿದೆಯೇ ಅಂತ ನೋಡಲು ನಾನು ಮಗ್ಗವನ್ನು ಒಂದಷ್ಟು ಬಡಿದೆ. ಪಕ್ಕದ ಮನೆಯ ಪೆದ್ದಕ್ಕ ಮೊರ ಕೆಳಗೆ ಹಾಕಿ ಓಡಿ ಬಂದಳು. "ಅಯ್ಯೋ ದೇವುಡಾ! ಅಚ್ಚಂ ಈರಕ್ಕನ ಬಡ್ತಾನೇ ಕಣೆ! ಒಂದು ಗಟ್ಟಿ, ಎರ್ಡು ಮೆತ್ಗೆ. ಅವ್ಳೇ ಬಂದ್ಬುಟ್ಳೇನೋ ಅಂತ ಎದೆ ಝಲ್ಲಂದ್ಬುಡ್ತು" ಅಂದಳು. ಬಾಗಿಲ ಹೊರಗೇ ನಿಂತು ಮಾತಾಡಿದಳು, ಒಳಗೆ ಬರಲಿಲ್ಲ. ಈರಕ್ಕನ ನೇಯ್ಗೆ ಅಂದರೆ ಈ ಬೀದಿಯವರೆಲ್ಲ ಕೈ ಮುಗಿಯುತ್ತಾರೆ. ಅಕ್ಕನ ಬಡಿತ ನಿಜವಾಗಿ ಹಾಗೇ ಇತ್ತಾ ಅಮ್ಮ?

ಶಿವಲಕ್ಷ್ಮಿ


ಕಲ್ಯಾಣದುರ್ಗ
೪-೪-೧೯೫೮

ಅಮ್ಮನಿಗೆ ನಮಸ್ಕಾರ.

ಹುಣಸೆಹಣ್ಣು ಕೊಳ್ಳಲು ಬಂದಿದ್ದ ನಿಮ್ಮ ಊರಿನ ಮುತ್ಯಾಲಪ್ಪನವರ ಕೈಯಲ್ಲಿ ಚೀಲ ಕಳಿಸಿದ್ದೇನೆ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸುವಾಗ ಮರೆತುಬಿಟ್ಟಾರು ಅಂತ ನೂರು ಸಲ ಹೇಳಿದ್ದೇನೆ. ಬೈದುಕೊಂಡೇ ಹೋದರು.

ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಇಲ್ಲದಿದ್ದರೆ ನೀವು ತಪ್ಪು ಹುಡುಕುತ್ತೀರಿ. ಬಟ್ಟೆಯನ್ನು ಮಗ್ಗದಿಂದ ಕೊಯ್ದು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದೆ, ಗಂಜಿ ಬಿಡಲೆಂದು. ನೆರಳಿನಲ್ಲಿ ಒಣಗಿಸಿದೆ. ಕೆಂಪು ಅಂಚಿನ ಬಿಳಿ ಬಟ್ಟೆ. ಉದ್ದಕ್ಕೆ ಹಾಸಿ, ಕೆಳಗಿನಿಂದ ಮೇಲಕ್ಕೆ ಮಡಚಿ, ಎರಡು ಪಕ್ಕ ಸೇರಿಸಿ ಹೊಲಿದೆ. ಹೊಲಿದದ್ದು ಮಗ್ಗದ ಉದ್ದೆಳೆಗಳ ಅದೇ ಹಾಸಿನಿಂದ ಎಳೆದ ನೂಲಿನಲ್ಲಿ. ಒಂದು ಹೊಲಿಗೆ ಮುಂದೆ ಹಾಕಿ ಅರ್ಧ ಹಿಂದಕ್ಕೆ ಬಂದು, ಮತ್ತೆ ಮುಂದೆ. ಹಾಗೆ ಹೊಲಿದರೆ ಸ್ಲೇಟಿನ ಮೂಲೆ ತಾಗಿದರೂ ಬಿಚ್ಚುವುದಿಲ್ಲ. ಬಟ್ಟೆಯ ಮೊದಲ ತುದಿಯನ್ನು ಹಾಗೇ ಬಿಟ್ಟು ಬಾಯಿ ಮುಚ್ಚುವ ಮಡಿಕೆ ಮಾಡಿದ್ದೇನೆ. ಮಗು ಚೀಲ ತೆರೆಯುವಾಗೆಲ್ಲ ಅದಕ್ಕೆ ಕೈ ತಾಗುತ್ತದೆ. ಹೆಗಲಿಗೆ ಹಾಕುವ ಪಟ್ಟಿಯೂ ಅದೇ ಬಟ್ಟೆ, ನಾಲ್ಕು ಮಡಿಕೆ ಮಾಡಿ ಹೊಲಿದದ್ದು. ಮಗುವಿನ ಹೆಗಲಿಗೆ ಒತ್ತದಿರಲಿ ಅಂತ ಹೊಲಿಗೆ ಹೊರಗಡೆ ತಂದಿದ್ದೇನೆ.

ಬಿಲ್ಲೆಯ ಮುಂದೆ ಇಡಲಿಲ್ಲ. ಪೆದ್ದಕ್ಕನೂ ಕೇಳಿದಳು, ಯಾಕೆ ಇಡಲಿಲ್ಲ ಅಂತ. ಈರಕ್ಕನದೇ ಬಟ್ಟೆಯನ್ನು ಅವಳ ಮುಂದೆ ಹೊಸದು ಅಂತ ಇಡುವುದು ಹೇಗೆ ಅಂದೆ.

ಯಾವಾಗ ಬರಲಿ?

ಶಿವಲಕ್ಷ್ಮಿ


ಹಿಂದೂಪುರ
೧೪-೪-೧೯೫೮

ಮಗಳೇ ಶಿವಲಕ್ಷ್ಮೀ,

ಚೀಲ ಬಂತು.

ಮುತ್ಯಾಲಪ್ಪ ಕೊಟ್ಟು ಹೋಗಲಿಲ್ಲ, ಕೂತುಕೊಂಡ. ಬೆವರು ಒರೆಸಿಕೊಳ್ಳುತ್ತಾ, "ಅಕ್ಕಯ್ಯಾ, ನಿಮ್ ಮಗ್ಳು ಅಲ್ಲೇ ಅವ್ಳೆ" ಅಂದ. ನಿಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರಂತೆ, ಹಗಲು ಹೊತ್ತಿನಲ್ಲೇ ಈರಕ್ಕನ ಮಗ್ಗ ಬಡಿದುಕೊಳ್ಳುತ್ತದೆ ಅಂತ. ಕದಿರಪ್ಪ ಮಿಷಿನ್ನಿನಿಂದ ಬಂದವನು ಸದ್ದು ಕೇಳಿದರೆ ಬೇವಿನ ಮರದ ಕೆಳಗೆ ನಿಂತುಬಿಡುತ್ತಾನಂತೆ, ಸದ್ದು ನಿಂತ ಮೇಲೆಯೇ ಮನೆಗೆ ಬರುವುದಂತೆ. ಇದನ್ನೆಲ್ಲ ನೀನು ಯಾಕೆ ಬರೆಯಲಿಲ್ಲ? ನಾನು ಹೆದರುತ್ತೇನೆ ಅಂದುಕೊಂಡೆಯಾ? ಹೆತ್ತ ಮಗಳಿಗೆ ಯಾರಾದರೂ ಹೆದರುತ್ತಾರೇನೇ ಹುಚ್ಚಿ?

ನಾನು ಅವಳಿಗೆ ಎಷ್ಟು ಎಡೆ ಇಟ್ಟೆ, ಎಷ್ಟು ಹರಕೆ ಹೊತ್ತೆ. ಒಂದು ದಿನ ಕನಸಿನಲ್ಲೂ ಮುಖ ತೋರಿಸಲಿಲ್ಲ. ನಿಮ್ಮನೆಗೆ ಬಂದಳಲ್ಲ, ಬರಲಿ. ಮಗ್ಗದ ಮೇಲೆ ಅವಳಿದ್ದರೆ ಎಬ್ಬಿಸಬೇಡ. ಮಂತ್ರದವನು, ತಾಯತ ಅಂತ ಕದಿರಪ್ಪ ಹೊರಟರೆ ನನ್ನಾಣೆ ಹಾಕು. ದೀಪಕ್ಕೆ ಎಣ್ಣೆ ಹಾಕಿಡು. ಅವಳಿಗೆ ಕತ್ತಲೆಯೆಂದರೆ ಆಗುವುದಿಲ್ಲ.

ಅಂಬಿ ಚೀಲವನ್ನು ಕೆಳಗೇ ಇಡುತ್ತಿಲ್ಲ. ಒಳಗೆ ಒಂದು ಸೌಟು ಹಾಕಿಕೊಂಡು ಓಡಾಡುತ್ತಾಳೆ. ಅವಳನ್ನು ಕಳಿಸುತ್ತೇನೆ. ತಾಯಿ ಅಲ್ಲಿರುವಾಗ ಮಗುವನ್ನು ಇಲ್ಲಿಟ್ಟುಕೊಂಡು ನಾನೇನು ಮಾಡಲಿ?

ಅಮ್ಮ


ಕಲ್ಯಾಣದುರ್ಗ
೨೫-೪-೧೯೫೮

ಅಮ್ಮನಿಗೆ ನಮಸ್ಕಾರ.

ಅಂಬಿಯನ್ನು ಕಳಿಸುತ್ತೇನೆ ಅಂದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಮಿಕ್ಕ ಸಾಲುಗಳಿಗೆ ಏನು ಬರೆಯಲಿ ಅಂತ ತಿಳಿಯದೆ ಇಷ್ಟು ದಿನವಾಯಿತು.

ಮೊನ್ನೆ ಮಿಷಿನ್ನಿನಲ್ಲಿ ಕರೆಂಟು ಹೋಗಿ ನಿಮ್ಮ ಅಳಿಯ ಮಟಮಟ ಮಧ್ಯಾಹ್ನ ಮನೆಗೆ ಬಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ನಾನು ಮಗ್ಗದ ಗುಂಡಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ. ನೆಲದ ಮೇಲೆ ಅವರ ನೆರಳು ಬಂತು. "ಈರೀ" ಅಂದರು.

ನನ್ನ ಬಾಯಿಂದ "ಹ್ಞೂ" ಅಂತ ಬಂದುಬಿಟ್ಟಿತು.

ಯಾಕೆ ಬಂತೋ ನನಗೆ ಗೊತ್ತಿಲ್ಲ. ಕರೆದ ದನಿ ಅಷ್ಟು ಮೆತ್ತಗಿತ್ತು. ನನ್ನನ್ನು ಯಾವತ್ತೂ ಯಾರೂ ಹಾಗೆ ಕರೆದಿರಲಿಲ್ಲ. ತಿರುಗಿ ನೋಡಿದರೆ ಅವರ ಮುಖ ಬಾಡಿಹೋಗುತ್ತದೆ ಅಂತ ತಿರುಗಲಿಲ್ಲ. ಅವರೂ ಒಳಗೆ ಬರಲಿಲ್ಲ.

ಆವತ್ತಿನಿಂದ ಅವರು ಮಾತಾಡುತ್ತಾರೆ ಅಮ್ಮ. "ಉಂಡ್ಯಾ" ಅಂತಾರೆ, "ಕಾಲ್ ನೋಯ್ತವಾ" ಅಂತಾರೆ. ಸಂತೆಯಿಂದ ಮರುಗ ತಂದರು. ನನಗೆ ಮರುಗದ ವಾಸನೆಗೆ ತಲೆನೋವು ಬರುತ್ತದೆ. ಮುಡಿದುಕೊಂಡೆ. ಈ ಮನೆಗೆ ಬಂದಾಗಿನಿಂದ ನಾನು ಬೇಡಿಕೊಂಡದ್ದೆಲ್ಲ ಈಗ ಸಿಗುತ್ತಿದೆ. ಸಿಗುತ್ತಿರುವುದು ನನಗೋ ಇನ್ನೊಬ್ಬಳಿಗೋ ಅಂತ ಮಾತ್ರ ಗೊತ್ತಾಗುತ್ತಿಲ್ಲ.

ಅಂಬಿಯನ್ನು ಬೇಗ ಕಳಿಸಿ.

ಶಿವಲಕ್ಷ್ಮಿ


ಹಿಂದೂಪುರ
೬-೫-೧೯೫೮

ನನ್ನ ಕಂದಾ ಈರೀ,

ಓ ಅಂದೆಯಂತೆ. ಶಿವಲಕ್ಷ್ಮಿ ಬರೆದಿದ್ದಾಳೆ. ಈ ಕಾಗದವನ್ನು ಅವಳು ಮಗ್ಗದ ಮುಂದೆ ಕೂತು ಗಟ್ಟಿಯಾಗಿ ಓದಲಿ.

ನಿನಗೆ ಜ್ವರ ಅಂತ ಹೇಳಿ ಕಳಿಸಿದಾಗ ಮನೆಗೆ ಬೆಲ್ಲದ ಗಾಡಿ ಬಂದಿತ್ತು. ಇಳಿಸಿಕೊಂಡು ನಾಳೆ ಹೊರಡೋಣ ಅಂದೆ. ಮರುದಿನ ಬಂದಾಗ ನೀನು ಚಾಪೆಯ ಮೇಲಿದ್ದೆ, ಮುಖಕ್ಕೆ ಬಟ್ಟೆ ಹೊದಿಸಿದ್ದರು. ನನ್ನನ್ನು ಕೇಳಿದೆಯಾ ಕಂದಾ? ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಹೇಳು. ಅಮ್ಮ ಎಲ್ಲಿ ಅಂತ ಕೇಳಿದೆಯಾ?

ಅಂಬಿಗೆ ನಿನ್ನದೇ ಹಣೆ, ನಿನ್ನದೇ ಹಟ. ಶಾಲೆ ತೆರೆಯುವ ಮುಂಚೆ ನಾನೇ ಕರೆದುಕೊಂಡು ಬರುತ್ತೇನೆ. ನಿನ್ನ ಮಗುವನ್ನು ನಿನ್ನ ತೊಡೆಯ ಮೇಲೆ ಕೂರಿಸಿ ಹೋಗುತ್ತೇನೆ. ಅಲ್ಲಿಯವರೆಗೆ ನೇಯುತ್ತಿರು. ಏಳಬೇಡ.

ಶಿವಲಕ್ಷ್ಮಿಗೆ: ಅವಳು ಏನು ಹೇಳಿದಳು ಅಂತ ತಡಮಾಡದೆ ಬರೆ.

ಅಮ್ಮ


ಕಲ್ಯಾಣದುರ್ಗ
೧೨-೫-೧೯೫೮

ಅಮ್ಮ,

ಕಾಗದವನ್ನು ನಾನು ಮಗ್ಗದ ಮುಂದೆ ಓದಲಿಲ್ಲ. ಓದಿದರೆ ಉತ್ತರ ಕೊಡಬೇಕಾದವಳು ನಾನೇ. "ಹೌದು, ಅಮ್ಮ ಎಲ್ಲಿ ಅಂತ ಕೇಳಿದೆ" ಅಂತ ಬರೆಯಲೋ, "ಇಲ್ಲ, ಕೇಳಲಿಲ್ಲ" ಅಂತ ಬರೆಯಲೋ? ಯಾವುದನ್ನು ಬರೆದರೂ ಸತ್ತವಳ ಬಾಯಲ್ಲಿ ಮಾತು ಇಟ್ಟ ಪಾಪ. ಅಂಬಿಗಾಗಿ ಎಲ್ಲವನ್ನೂ ನುಂಗಿಕೊಂಡಿದ್ದೆ, ಇದನ್ನು ನುಂಗಲು ಆಗಲಿಲ್ಲ.

ಮಗ್ಗದ ಮೇಲೆ ಈರಕ್ಕ ಇಲ್ಲ ಅಮ್ಮ. ಬಡಿದವಳು ನಾನು. ಕಂಬಳಿ ತೆಗೆದಾಗ ಅಲ್ಲಿದ್ದದ್ದು ಒಂದು ಗೇಣು ಬಟ್ಟೆ. ಅದರಿಂದ ಚೀಲ ಹೇಗಾಗುತ್ತದೆ? ಹರಿದ ಹಾಸನ್ನು ಗಂಟು ಹಾಕಿ ಮಿಕ್ಕದ್ದನ್ನೆಲ್ಲ ಕುಂದುರ್ಪಿಯಲ್ಲಿ ಕಲಿತ ಕೈಯಿಂದ ನಾನು ನೇಯ್ದೆ. ಆ ಗೇಣನ್ನೇ ಚೀಲದ ಬಾಯಿಯ ಮಡಿಕೆ ಮಾಡಿದ್ದು. ಉಳಿದ ಚೀಲ ಪೂರ್ತಿ ನನ್ನ ಕೈಯದು. ಹೊಸ ಬಟ್ಟೆ ಅದು, ಬಿಲ್ಲೆಯ ಮುಂದೆ ಇಡಬೇಕಾಗಿತ್ತು. ಇಟ್ಟರೆ ಹೊಸದೆಂದು ಪೆದ್ದಕ್ಕನಿಗೆ ತಿಳಿಯುತ್ತದೆ, ನಿಮಗೂ ತಿಳಿಯುತ್ತದೆ ಅಂತ ಇಡಲಿಲ್ಲ. ತೋರಿಸದ ಬಟ್ಟೆಯನ್ನು ಮಗುವಿನ ಹೆಗಲಿಗೆ ಹಾಕಿಸಿದೆ. ಅಂಬಿಗೆ ಒಂದು ಕೆಮ್ಮು ಬಂದರೂ ಅದು ನನ್ನ ತಲೆಗೆ.

ಚೀಲ ಮುಗಿದ ಮೇಲೂ ನಾನು ಮಗ್ಗ ಬಿಡಲಿಲ್ಲ. ಪೆದ್ದಕ್ಕ ಹೇಳಿದ ಬಡಿತವನ್ನೇ ಹಿಡಿದುಕೊಂಡೆ. ಆ ಸದ್ದು ಕೇಳಿದರೆ ಬೀದಿಯವರು ಮಾತು ನಿಲ್ಲಿಸುತ್ತಾರೆ, ನಿಮ್ಮ ಅಳಿಯ ಮೆತ್ತಗಾಗುತ್ತಾರೆ. ಈಗ ಬೇರೆ ಥರ ಬಡಿಯೋಣ ಅಂದರೆ ಕೈ ಕೇಳುತ್ತಿಲ್ಲ. ನನ್ನ ಬಡಿತ ಯಾವುದು, ಅವಳದು ಯಾವುದು ಅಂತ ಗುರುತು ಸಿಗುತ್ತಿಲ್ಲ. ನಿನ್ನೆ ನೀರಿಗೆ ಹೋದಾಗ ಯಾರೋ "ಶಿವಲಕ್ಷ್ಮಕ್ಕಾ" ಅಂತ ಕೂಗಿದರು. ನಾನು ತಿರುಗಲಿಲ್ಲ ಅಮ್ಮ. ಇನ್ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡೆ.

ಇವತ್ತು ಬೆಳಗ್ಗೆ ಇವರಿಗೂ ಹೇಳಿದೆ. "ಗೊತ್ತು" ಅಂದರು. ಮರುಗ ಬೇಡ ಅಂದದ್ದಕ್ಕೆ ತಲೆ ಆಡಿಸಿದರು.

ಅಂಬಿಯನ್ನು ಕಳಿಸುವುದಾದರೆ ನನ್ನ ಹತ್ತಿರ ಕಳಿಸಿ. ಈರಕ್ಕನ ಹತ್ತಿರ ಅಂತಾದರೆ ಬೇಡ, ಅಲ್ಲೇ ಇರಲಿ. ಅವಳ ತಾಯಿ ಇಲ್ಲಿ ಇಲ್ಲ.

ಕುಂದುರ್ಪಿಯ
ಶಿವಲಕ್ಷ್ಮಿ


ಹಿಂದೂಪುರ
೨೨-೬-೧೯೫೮

ಶಿವಲಕ್ಷ್ಮೀ,

ನಿನ್ನ ಕಾಗದ ಬಂದು ತಿಂಗಳು ದಾಟಿತು. ಕೋಪ ಮಾಡಿಕೊಂಡು ಕೂತಿದ್ದಾಳೆ ಅಂತ ನೀನು ಅಂದುಕೊಂಡಿರುತ್ತೀಯ. ಕೋಪ ಬಂದಿತ್ತು, ನಿಜ. ಯಾಕೆ ಅಂತ ಕೇಳು.

ಆ ಮಗ್ಗದ ಮೇಲೆ ಗೇಣು ಬಟ್ಟೆ ಮಾತ್ರ ಇತ್ತು ಅಂತ ನನಗೆ ಮೊದಲಿಂದಲೂ ಗೊತ್ತು. ಈರಿಯನ್ನು ಎತ್ತುವ ಹೊತ್ತಿನಲ್ಲಿ ನಾನು ಅಳಲಾರದೆ ಆ ಮಗ್ಗವನ್ನೇ ನೋಡುತ್ತಾ ಕೂತಿದ್ದೆ. ಅದರಿಂದ ಚೀಲ ಆಗುವುದಿಲ್ಲ ಅಂತ ಗೊತ್ತಿದ್ದೇ ಚೀಲ ಕೇಳಿದ್ದು. ಮಗುವನ್ನು ಕೊಡುವುದಿಲ್ಲ ಅಂತ ಬಾಯಿ ಬಿಟ್ಟು ಹೇಳಲಾರದವಳು ಹಾಗೆ ಹೇಳಿದೆ. ನೀನು ಸೋತು ಸುಮ್ಮನಾಗುತ್ತೀಯ ಅಂದುಕೊಂಡೆ. ನೀನು ಚೀಲ ಕಳಿಸಿದೆ.

ಕೈಗೆ ತೆಗೆದುಕೊಂಡ ತಕ್ಷಣ ತಿಳಿಯಿತು. ಬೀದಿಯವರು ಏನಾದರೂ ಹೇಳಲಿ, ನನ್ನ ಮಗಳಿಗೆ ನೇಯಲು ಬರುತ್ತಿರಲಿಲ್ಲ ಕಣಮ್ಮ. ಬದುಕಿದ್ದಾಗ ಅವಳ ಬಟ್ಟೆ ನೋಡಿ ಅವಳ ಅತ್ತೆ ಜರಡಿ ಅನ್ನುತ್ತಿದ್ದಳು. ಸತ್ತ ಮೇಲೆ ಎಲ್ಲರೂ ಹೊಗಳಿದರು, ನಾನೂ ಬೇಡ ಅನ್ನಲಿಲ್ಲ. ಮಡಿಕೆಯ ಬಟ್ಟೆಗೆ ಬೆರಳು ಹಾಕಿದರೆ ಎಳೆ ಸರಿಯುತ್ತದೆ. ಅದರ ಕೆಳಗೆ ನೀನು ನೇಯ್ದದ್ದರಲ್ಲಿ ಉಗುರೂ ಇಳಿಯುವುದಿಲ್ಲ. ಅಷ್ಟು ಚೆನ್ನಾಗಿತ್ತು. ಚೆನ್ನಾಗಿತ್ತು ಅಂತಲೇ ನನಗೆ ಕೋಪ ಬಂದದ್ದು.

ಇನ್ನು ಆ ಬಡಿತ. ಈರಿ ಒಂದು ಸಲ ಬಡಿದರೆ ಎದ್ದು ಬಾಗಿಲಿಗೆ ಹೋಗಿ ಬರುವವಳು. ಅವಳಿಗೆ ತನ್ನದು ಅಂತ ಒಂದು ಬಡಿತವೇ ಇರಲಿಲ್ಲ. ಪೆದ್ದಕ್ಕನಿಗೆ ಏನು ನೆನಪಾಯಿತೋ ನಾನು ಕಾಣೆ. ನೀನು ಬಡಿಯುವುದು ನಿನ್ನದೇ, ಹಾಗೇ ಬಡಿ.

ಇಷ್ಟೆಲ್ಲ ಗೊತ್ತಿದ್ದವಳು ಈರಿಗೆ ಕಾಗದ ಬರೆದಳೇ ಅಂತ ನಗುತ್ತೀಯೇನೋ. ನಗು. ಮುತ್ಯಾಲಪ್ಪ "ನಿಮ್ ಮಗ್ಳು ಅವ್ಳೆ" ಅಂದಾಗ ಇನ್ನೊಂದು ಸಲ ಹೇಳು ಅಂದೆ. ಸುಳ್ಳೆಂದು ಗೊತ್ತಿದ್ದರೂ ನನಗೆ ಅದು ಬೇಕಾಗಿತ್ತು. ನಿನಗೆ ಉತ್ತರ ಬರೆಯಲು ದಿನವೂ ಮಸಿ ಬಾಟಲಿ ತೆಗೆದೆ, ದಿನವೂ ಮುಚ್ಚಿಟ್ಟೆ. ನಾನು ಬರೆಯುವವರೆಗೂ ಅಲ್ಲಿ ಕಲ್ಯಾಣದುರ್ಗದಲ್ಲಿ ನನ್ನ ಮಗಳು ಕೂತು ನೇಯುತ್ತಿರುತ್ತಾಳೆ. ಬರೆದು ಮುಗಿಸಿದರೆ ಎದ್ದು ಹೋಗುತ್ತಾಳೆ. ಅದಕ್ಕೇ ತಡವಾಯಿತು.

ಚೀಲವನ್ನು ಅವಳ ಹೆಸರಿನಲ್ಲಿ ನಾನೇ ಇಲ್ಲಿ ದೀಪದ ಮುಂದಿಟ್ಟು, ಅರಿಸಿನ ಹಚ್ಚಿ ಎತ್ತಿಕೊಂಡಿದ್ದೇನೆ. ಅಂಬಿಗೆ ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ. ಶಾಲೆ ತೆರೆದು ವಾರವಾಯಿತು, ಇಲ್ಲಿ ಸೇರಿಸಿಲ್ಲ. ಅಲ್ಲೇ ಸೇರಿಸು.

ಬುಧವಾರ ಬಂದು ಕರೆದುಕೊಂಡು ಹೋಗು. ಅಮ್ಮ ಬರುತ್ತಾಳೆ ಅಂತ ಮಗುವಿಗೆ ಹೇಳಿದ್ದೇನೆ. ನನ್ನ ಎದುರಿಗೇ ಅದು ನಿನ್ನನ್ನು ಅಮ್ಮಾ ಅಂತ ಕರೆದರೆ ನಾನು ಎದ್ದು ಒಳಗೆ ಹೋಗುತ್ತೇನೆ. ನೀನು ನನ್ನ ಹಿಂದೆ ಬರಬೇಡ. ಅಲ್ಲೇ ನಿಂತು ಮಗುವಿಗೆ ಓ ಅನ್ನು.

ಅಮ್ಮ